ಸ್ಟೆಂಟ್‌ನಲ್ಲೇ ಔಷಧವಿದ್ದ ಮೇಲೆ ಮಾತ್ರೆ ಏಕೆ?

ಪ್ರಶ್ನೆ: ಹೃದಯದ ಸ್ಟೆಂಟ್‌ಗೇ ಔಷಧ ಲೇಪಿಸಿರುತ್ತಾರಂತೆ. ಹಾಗಿದ್ದರೂ ದಿನವೂ ಮಾತ್ರೆ ನುಂಗಬೇಕೆ?

ಉತ್ತರ: ನುಂಗಲೇಬೇಕು, ಏಕೆಂದರೆ ಎರಡೂ ಔಷಧಗಳು ಹೋರಾಡುವ ಶತ್ರುಗಳು ಬೇರೆ. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಾಗಲಿ, ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲಾಗಲಿ, ಸ್ಟೆಂಟ್ ಕೂರಿಸುವಾಗ ರಕ್ತನಾಳದ ಗೋಡೆಗೆ ಸಣ್ಣ ಗಾಯವಾಗುವುದು ತಪ್ಪದು. ಅದು ಮಾಯುವಾಗ ಜೀವಕೋಶಗಳು ಅತಿಯಾಗಿ ಬೆಳೆದರೆ ನಾಳ ಮತ್ತೆ ಕಿರಿದಾಗುತ್ತದೆ. ಈ ಬೆಳವಣಿಗೆಯನ್ನು ತಡೆಯುವುದು ಸಿರೋಲಿಮಸ್ ಬಗೆಯ ಲೇಪ; ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಮೊದಲು ದೊರೆತ ಔಷಧವದು. ಮಾತ್ರೆಯಾಗಿ ಕೊಟ್ಟರೆ ಇಡೀ ದೇಹದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ಇದನ್ನು ಬೇಕಾದಲ್ಲೇ ಹನಿಹನಿಯಾಗಿ ಬಿಡುವುದು ನಿಜಕ್ಕೂ ಜಾಣ ಉಪಾಯ. ಪೇಸ್‌ಮೇಕರ್ ತಂತಿಯ ತುದಿಯಲ್ಲಿ ಡೆಕ್ಸಾಮೆಥಸೋನ್ ಇರಿಸಿ, ಹೃದಯದ ಸ್ನಾಯುವಿನ ಉರಿಯೂತ ತಗ್ಗಿಸುವುದೂ ಇದೇ ತತ್ತ್ವದಿಂದ.

ಆದರೆ ಅದೇ ಲೇಪ, ನಾಳದ ಒಳಪದರವು ಸ್ಟೆಂಟ್‌ನ ಲೋಹವನ್ನು ಮುಚ್ಚುವುದನ್ನೂ ನಿಧಾನಿಸುತ್ತದೆ. ಬರಿಲೋಹಕ್ಕೆ ಪ್ಲೇಟ್‌ಲೆಟ್‌ಗಳು ಅಂಟಿದರೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು; ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳು ಬೇಕಾಗುವುದು ಇದನ್ನು ತಡೆಯಲೆಂದೇ. ಅವನ್ನೂ ಸ್ಟೆಂಟ್‌ಗೇ ಲೇಪಿಸಬಾರದೇ ಎನ್ನಬಹುದು. ಆದರೆ ಲೇಪದ ಔಷಧ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಪ್ಲೇಟ್‌ಲೆಟ್‌ಗಳೋ ದೇಹವಿಡೀ ಹರಿಯುತ್ತ, ದಿನವೂ ಹೊಸದಾಗಿ ಹುಟ್ಟುತ್ತವೆ; ಅದಕ್ಕೇ ದಿನವೂ ಮಾತ್ರೆ. ಹಾಗಾದರೆ ಲೇಪವಿಲ್ಲದ ಹಳೆಯ ಸ್ಟೆಂಟೇ ಲೇಸೇ? ಅಲ್ಲ, ಅದಕ್ಕೂ ಮಾತ್ರೆ ಬೇಕು, ನಾಳ ಮತ್ತೆ ಕಿರಿದಾಗುವ ಸಂಭವವೂ ಹೆಚ್ಚು. ಹಲ್ಲು ಕೀಳಿಸಬೇಕಾದರೂ ಹೃದ್ರೋಗ ವೈದ್ಯರನ್ನು ಕೇಳದೆ ಈ ಮಾತ್ರೆಗಳನ್ನು ನಿಲ್ಲಿಸಬೇಡಿ.