ಕುಡಿಯುವ ನೀರು: ಮೂರು ದಿನದ ದಾಸ್ತಾನು ಹೇಗೆ?

ರಾಮನಗರ ಸೀಮೆಯ ಅಕ್ಕೂರು ಕಡೆ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುವುದು, ಮೋಟರ್ ಸುಟ್ಟು ನಲ್ಲಿ ನಿಲ್ಲುವುದು ಹೊಸದಲ್ಲ. ಮಳೆ ಹೆಚ್ಚಾದರೂ ಕುಡಿಯುವ ನೀರಿಗೆ ಕಷ್ಟವೇ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಮನೆಗಳಿಗೆ ನೀರು ನುಗ್ಗಿ, ಬೆಂಗಳೂರು–ಮೈಸೂರು ಹೆದ್ದಾರಿಯೇ ಮುಳುಗಿತ್ತು. ಕರೆಂಟ್ ಹೋದರೆ ಶುದ್ಧ ನೀರಿನ ಘಟಕವೂ ನಡೆಯುವುದಿಲ್ಲ. ಅದಕ್ಕೇ ಮೂರು ದಿನಕ್ಕಾಗುವಷ್ಟು ನೀರು ಮನೆಯಲ್ಲಿ ಇರಲೇಬೇಕು.

ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕ ಹಿಡಿಯಿರಿ. ಐದು ಜನರ ಮನೆಗೆ 60 ಲೀಟರ್, ಅಂದರೆ 20 ಲೀಟರಿನ ಮೂರು ದೊಡ್ಡ ಕ್ಯಾನ್. ಹಲವು ಘಟಕಗಳಲ್ಲಿ 5 ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ತುಂಬುತ್ತದೆ.

‘ಫಿಲ್ಟರ್ ನೀರು ತಾನೇ, ಎಷ್ಟು ದಿನ ಇಟ್ಟರೇನು?’ ಎನ್ನಬಹುದು. ಎಚ್ಚರ ಬೇಕಾದದ್ದು ಇಲ್ಲೇ. ಈ ಘಟಕಗಳಲ್ಲಿ ಬಳಸುವ ಆರ್‌ಒ ಎಂದರೆ ನೀರನ್ನು ಒತ್ತಡದಿಂದ ತೆಳು ಪೊರೆಯ ಮೂಲಕ ಹಾಯಿಸುವ ವಿಧಾನ. ಅದು ಉಪ್ಪಿನಂಶ, ಫ್ಲೋರೈಡ್ ಎರಡನ್ನೂ ತಗ್ಗಿಸುತ್ತದೆ. ಆದರೆ ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಆಮೇಲೆ ಕ್ಯಾನಿನಿಂದ, ಕೈಯಿಂದ, ಅದ್ದಿದ ಲೋಟದಿಂದ ಸೇರುವ ಕ್ರಿಮಿಗಳನ್ನು ತಡೆಯುವವರೇ ಇಲ್ಲ.

ಖಾಲಿ ಕ್ಯಾನಿನ ಬಾಯೊಳಗೆ ಬೆರಳಾಡಿಸಿ ನೋಡಿ. ಜಾರಿದರೆ ಲೋಳೆ ಕಟ್ಟಿದೆ ಎಂದೇ ಅರ್ಥ. ಒಂದು ಹಿಡಿ ಕಲ್ಲುಪ್ಪು, ಸ್ವಲ್ಪ ಸೋಪಿನ ನೀರು ಹಾಕಿ ಚೆನ್ನಾಗಿ ಕುಲುಕಿ, ಸೋಪು ಹೋಗುವವರೆಗೆ ತೊಳೆದು ಬಿಸಿಲಿಗೆ ಬೋರಲು ಹಾಕಿ. ಔಷಧಿ, ಕೀಟನಾಶಕ, ಫಾರ್ಮಲಿನ್ ತುಂಬಿದ್ದ ಕ್ಯಾನ್ ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬೇಡವೇ ಬೇಡ.

ನೀರು ತುಂಬಿದ ಮೇಲೆ ಕ್ಲೋರಿನ್ ಮಾತ್ರೆ ಹಾಕಿ. ಒಂದು ಮಾತ್ರೆ ಎಷ್ಟು ಲೀಟರಿಗೆ ಎಂಬುದು ಅದರ ಪಟ್ಟಿಯ ಮೇಲೇ ಇರುತ್ತದೆ. ಓದಿಯೇ ಹಾಕಿ, ಅರ್ಧ ಗಂಟೆ ಬಿಡಿ. ನಸು ವಾಸನೆ ಬಂದರೆ ಹೆದರಬೇಡಿ, ಕ್ಲೋರಿನ್ ಇನ್ನೂ ಉಳಿದಿದೆ. ಮಾತ್ರೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಕೇಳಿ ನೋಡಿ.

ಬೋರ್‌ವೆಲ್ ನೀರು ತುಂಬುವ 1000 ಲೀಟರ್ ಟ್ಯಾಂಕಿಗಾದರೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು. ಬಕೆಟ್ಟಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಬಿಳಿ ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು ಒಂದು ಗಂಟೆ ಕಾಯಿರಿ. ರೇಷ್ಮೆ ಹುಳುವಿನ ಮನೆಗೆಂದು ಸುಣ್ಣ ಬೆರೆಸಿಟ್ಟ ಪುಡಿಯನ್ನು ಇದಕ್ಕೆ ಬಳಸಬಾರದು. ಚೀಲ ಬಿಚ್ಚಿ ಬಹಳ ದಿನವಾಗಿ ಘಾಟು ಹೋದ ಪುಡಿಯಲ್ಲಿ ಶಕ್ತಿಯೇ ಇರುವುದಿಲ್ಲ.

ಕಾಯಿಸಿದರೆ ಸಾಲದೇ? ಕುದಿ ಬಂದು ಒಂದು ನಿಮಿಷ ಕುದಿದರೆ ಕ್ರಿಮಿ ಸಾಯುತ್ತದೆ. ಫ್ಲೋರೈಡ್ ಮಾತ್ರ ಹೋಗುವುದಿಲ್ಲ. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ನಿಮ್ಮ ಬೋರ್‌ವೆಲ್ ನೀರಿನ ಪರೀಕ್ಷೆ ಆಗಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಕ್ಯಾನುಗಳನ್ನು ಬಿಸಿಲು ಬೀಳದ ಕಡೆ, ಹಲಗೆಯ ಮೇಲೆ, ಸೀಮೆಎಣ್ಣೆ, ಗೊಬ್ಬರದಿಂದ ದೂರ ಇಡಿ. ಬಿಗಿ ಮುಚ್ಚಳವಿದ್ದರೆ ಡೆಂಗಿ ಸೊಳ್ಳೆ ಮೊಟ್ಟೆ ಇಡಲೂ ಜಾಗವಿರದು. ಲೋಟ ಅದ್ದಬೇಡಿ, ನಲ್ಲಿ ಇರುವ ಕ್ಯಾನೇ ಒಳ್ಳೆಯದು. ತುಂಬಿದ ತಾರೀಕನ್ನು ಕ್ಯಾನಿನ ಮೇಲೆ ಬರೆದು, ವಾರಕ್ಕೊಮ್ಮೆ ಬದಲಿಸಿ. ಹಳೆಯ ನೀರನ್ನು ಪಾತ್ರೆ ತೊಳೆಯಲು, ಗಿಡಕ್ಕೆ ಹಾಕಲು ಬಳಸಿ. ಮುಂದಿನ ಸಲ ಘಟಕಕ್ಕೆ ಹೋದಾಗ ಒಂದು ಕ್ಯಾನ್ ಹೆಚ್ಚಿಗೆ ತನ್ನಿ.