ಅಠಾರ ಕಚೇರಿಗೆ ಕೇಸಿಲ್ಲದೆ ಹೋದವನು

ಹೊಸಕೋಟೆಯೆಂದರೆ ಬೆಂಗಳೂರಿನವರಿಗೆ ಬೆಳಗಿನ ಜಾವದ ಬಿರಿಯಾನಿ. ನಮ್ಮ ಹೊಸಕೋಟೆಯವರಿಗೆ ಬೆಂಗಳೂರೆಂದರೆ ಸಂತೆಯಷ್ಟೇ ಕೋರ್ಟೂ ಹೌದು. ತಾಲ್ಲೂಕಿನ ಕೋರ್ಟಿನಲ್ಲಿ ಸೋತವರು ಜಿಲ್ಲಾ ಕೋರ್ಟಿಗೆ, ಅಲ್ಲೂ ಸೋತವರು ಹೈಕೋರ್ಟಿಗೆ. ಹೊಲಗಳು ಸೈಟುಗಳಾಗತೊಡಗಿದ ಮೇಲಂತೂ ಅಣ್ಣತಮ್ಮಂದಿರ ಭಾಗದ ದಾವೆ ಯಾವ ಊರಿನಲ್ಲಿಲ್ಲ ಹೇಳಿ? ಕಂಕುಳಲ್ಲಿ ಫೈಲಿಲ್ಲದೆ, ಬರೀ ನೋಡಿಬರಲೆಂದು ಹೈಕೋರ್ಟಿಗೆ ಹೊರಟವನನ್ನು ಮನೆಯವರೇ ಅನುಮಾನದಿಂದ ನೋಡಿದರು.

ಕೆ.ಆರ್. ಪುರದವರೆಗೆ ಬಸ್ಸು, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ. ವಿಧಾನಸೌಧ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ರಸ್ತೆಯ ಒಂದು ಬದಿಗೆ ಬಿಳಿ ಕಲ್ಲಿನ ವಿಧಾನಸೌಧ, ಇನ್ನೊಂದು ಬದಿಗೆ ಮರಗಳ ನಡುವೆ ಕೆಂಪು ಬಣ್ಣದ ಎರಡಂತಸ್ತಿನ ಕಟ್ಟಡ. ಅದೇ ಅಠಾರ ಕಚೇರಿ, ಇಂದಿನ ಹೈಕೋರ್ಟು.

ಅಠಾರ ಎಂದರೆ ಹದಿನೆಂಟು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋದಾಗ ಸರ್ಕಾರದ ಹದಿನೆಂಟು ಇಲಾಖೆಗಳು ಬೆಂಗಳೂರು ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದವು. ಮರದ ಕಂಬಗಳ ಆ ಅರಮನೆಯಲ್ಲಿ ಜಾಗ ಸಾಲದಾಯಿತು. ಬೌರಿಂಗ್ ಕಮಿಷನರ್ ಆಗಿದ್ದಾಗ, ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ಅದೇ ಸ್ಯಾಂಕಿ ಹೊಸ ಕಟ್ಟಡದ ನಕ್ಷೆ ಬರೆದ. ಕಂಟ್ರಾಕ್ಟು ಹಿಡಿದವರು ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್. ಮೆಟ್ರೊ ಹಲಸೂರು ದಾಟುವಾಗ ನೆನಪಿಸಿಕೊಳ್ಳಿ: ಅಲ್ಲೇ ಆಸುಪಾಸಿನಲ್ಲಿರುವ ಆರ್‌ಬಿಎಎನ್‌ಎಂ ಶಾಲೆ ಅವರೇ 1873ರಲ್ಲಿ ಆರಂಭಿಸಿದ್ದು. 1868ರ ಹೊತ್ತಿಗೆ ಗುಮಾಸ್ತರೂ ದಫ್ತರಗಳೂ ಕೋಟೆಯಿಂದ ಈ ಹೊಸ ಕಟ್ಟಡಕ್ಕೆ ಬಂದವು. ಹೆಸರೂ ಜೊತೆಯಲ್ಲೇ ಬಂತು.

ಹೀಗೆ ಹೆಸರು ಉರ್ದುವಿನದು, ಕಂಬಗಳು ಗ್ರೀಕರವು. ಮುಖಮಂಟಪದ ಕಂಬಗಳ ನೆತ್ತಿಯನ್ನು ನೋಡಿ, ಟಗರಿನ ಕೊಂಬಿನಂತೆ ಎರಡೂ ಕಡೆಗೆ ಸುರುಳಿ ಸುತ್ತಿಕೊಂಡಿವೆ. ಒಳಗೆ ವಾದ ನಡೆಯುವುದು ಇಂಗ್ಲಿಷಿನಲ್ಲಿ. ಹೊರಗೆ ಕಾಯುವವರ ಮಾತು ಕನ್ನಡ. ಅದರಲ್ಲೂ ವಕೀಲ, ಫಿರ್ಯಾದಿ, ಜಾಮೀನು, ತಕರಾರು, ವಾಯಿದೆ ಎಲ್ಲ ಪಾರಸಿ, ಅರಬ್ಬಿಯಿಂದ ಬಂದ ಮಾತುಗಳೇ. ಜಗಳ ಮಾತ್ರ ನಮ್ಮದು.

ಈ ನ್ಯಾಯಾಲಯದ ಮೊದಲ ರೂಪ 1884ರಲ್ಲಿ ಸ್ಥಾಪನೆಯಾದ ಮೈಸೂರು ಚೀಫ್ ಕೋರ್ಟ್. ಆಗ ಇದ್ದದ್ದು ಮೂವರು ನ್ಯಾಯಾಧೀಶರು. ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್, ಸ್ವತಃ ಕಾನೂನು ಓದಿದವರು. 1883ರಿಂದ 1901ರವರೆಗೆ ದಿವಾನಗಿರಿ ಮಾಡಿದರು. ಲೆಕ್ಕ ಹಾಕಿ, ಅಲ್ಲೂ ಅಠಾರವೇ! ಕಟ್ಟಡದ ಹಿಂದಿನ ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆ ಇದೆ. ಹೈಕೋರ್ಟಿನ ಬಳಿ ಕುದುರೆಯೇರಿ ನಿಂತಿದ್ದ, ಒಂದು ಕಾಲದ ಕಮಿಷನರ್ ಮಾರ್ಕ್ ಕಬ್ಬನ್ ಪ್ರತಿಮೆ ಮಾತ್ರ 2020ರಲ್ಲಿ ರಾಜಭವನದ ಆವರಣ ಸೇರಿತು. 1956ರಲ್ಲಿ ಸಚಿವಾಲಯ ವಿಧಾನಸೌಧಕ್ಕೆ ಹೋದ ಮೇಲೆ ಈ ಕಟ್ಟಡ ಹೈಕೋರ್ಟಿನದಾಯಿತು.

ನನಗೆ ಅತ್ಯಂತ ಇಷ್ಟವಾದ ಕಥೆ ಆಮೇಲಿನದು. 1982ರಲ್ಲಿ ಇದನ್ನು ಕೆಡವುವ ಪ್ರಯತ್ನ ನಡೆಯಿತು. ಅದನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆ ಈ ಹೈಕೋರ್ಟ್ ಕೇಳಿದ ಮೊದಮೊದಲ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳಲ್ಲೊಂದು. ವಿಚಾರಣೆ ನಡೆದದ್ದು ಇದೇ ಕಟ್ಟಡದೊಳಗೆ. ಉಳಿಸಬೇಕೇ, ಉರುಳಿಸಬೇಕೇ ಎಂಬ ವಾದವನ್ನು ಆ ಗೋಡೆಗಳೇ ಕೇಳಿಸಿಕೊಂಡವು. ಕಡೆಗೆ ಉಳಿದವು. ಪಾರ್ಟಿ ಇಷ್ಟು ಹತ್ತಿರದಲ್ಲಿ ಹಾಜರಿದ್ದ ಕೇಸು ಇನ್ನೊಂದಿರಲಾರದು.

ಒಳಗೆ ನಡೆಯುವ ಇಂಗ್ಲಿಷಿಗೆ ಅದರ ತವರಿನ ಕೋರ್ಟಿನಲ್ಲೇ ಬೇರೊಂದು ಕಥೆಯಿದೆ. ಲಂಡನ್ನಿನಲ್ಲಿ ಲಿಂಕನ್ಸ್ ಇನ್ ಎಂಬ ವಕೀಲರ ಸಂಸ್ಥೆಯಿದೆ. ಅದರ ದಾಖಲೆಪುಸ್ತಕಗಳೇ 1422ರಿಂದ ಶುರುವಾಗುತ್ತವೆ. 1496ರಲ್ಲಿ ಥಾಮಸ್ ಮೋರ್ ಎಂಬ ಹುಡುಗ ಅಲ್ಲಿಗೆ ಕಾನೂನು ಕಲಿಯಲು ಸೇರಿದ. ಮುಂದೆ ದೇಶದ ಲಾರ್ಡ್ ಚಾನ್ಸಲರ್ ಆದ. ರಾಜನ ಮಾತಿಗೆ ಹೂಂ ಅನ್ನದೆ 1535ರಲ್ಲಿ ತಲೆ ಕೊಟ್ಟ. ಅವನ ಕಾಲದ ಇಂಗ್ಲೆಂಡಿನಲ್ಲಿ ವಕೀಲರ ವಾದ ಒಂದು ಬಗೆಯ ಫ್ರೆಂಚಿನಲ್ಲಿ, ದಾಖಲೆ ಲ್ಯಾಟಿನ್ನಿನಲ್ಲಿ. ಕೋರ್ಟಿನ ಕಾಗದಪತ್ರಕ್ಕೆ ಇಂಗ್ಲಿಷ್ ಕಡ್ಡಾಯವಾದದ್ದು 1733ರಲ್ಲಿ. ಅಂದರೆ ಇಂದು ನಮ್ಮ ಕೋರ್ಟಿನಲ್ಲಿ ದರ್ಬಾರು ನಡೆಸುವ ಇಂಗ್ಲಿಷೂ ತನ್ನೂರಿನ ಕೋರ್ಟಿನ ಬಾಗಿಲಲ್ಲಿ ನೂರಾರು ವರ್ಷ ಕಾದಿದೆ! ಮೋರ್ 1516ರಲ್ಲಿ ಪ್ರಕಟಿಸಿದ ‘ಯುಟೋಪಿಯ’ದ ಕಲ್ಪನೆಯ ನಾಡಿನಲ್ಲಿ ವಕೀಲರೇ ಇಲ್ಲ. ಅವರವರ ವ್ಯಾಜ್ಯ ಅವರವರೇ ಹೇಳಿಕೊಳ್ಳಬೇಕು. ಬರೆದವನು ವಕೀಲನೇ ಎಂಬುದನ್ನು ಮರೆಯಬೇಡಿ.

ನಮ್ಮ ತಾಲ್ಲೂಕಿನ ಕೋರ್ಟಿನಲ್ಲಿ ಕನ್ನಡ ನಡೆಯುತ್ತದೆ. ಹೈಕೋರ್ಟಿಗೆ ಸಂವಿಧಾನದ 348ನೇ ವಿಧಿ ಇಂಗ್ಲಿಷನ್ನು ಕೊಟ್ಟಿದೆ. 2024ರ ಡಿಸೆಂಬರಿನಲ್ಲಿ ಇಲ್ಲಿನ ಪೀಠವೊಂದು ಕನ್ನಡದಲ್ಲಿ ತೀರ್ಪು ಕೊಟ್ಟಾಗ ಅದು ಸುದ್ದಿಯಾಯಿತು. ಸುದ್ದಿಯಾಗಬೇಕಾಯಿತಲ್ಲ ಎನ್ನುವುದು ನನ್ನ ತಕರಾರು.

ಗುರುತಿನ ಚೀಟಿ ತೋರಿಸಿ, ಪಾಸು ಪಡೆದು, ಮೊಬೈಲಿನ ಬಾಯಿ ಮುಚ್ಚಿಸಿ ಒಂದು ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು, ಮಡಿಲಲ್ಲಿ ಜವಳಿ ಅಂಗಡಿಯ ಕೈಚೀಲ. ಚೀಲದ ಬಾಯಲ್ಲಿ ಪಹಣಿಯ ಅಂಚು ಇಣುಕುತ್ತಿತ್ತು. ನಂಬರು ಕೂಗಿದೊಡನೆ ಅವರೂ ಎದ್ದು ನಿಂತರು. ಮುಂದೆ ಎರಡು ಕಪ್ಪು ಕೋಟುಗಳು ನಾಲ್ಕು ಮಾತಾಡಿದವು. ಹಿರಿಯರ ಕಣ್ಣು ಒಮ್ಮೆ ಆ ಮುಖದ ಮೇಲೆ, ಒಮ್ಮೆ ಈ ಮುಖದ ಮೇಲೆ. ಎರಡೇ ನಿಮಿಷ. ಹೊರಗೆ ವರಾಂಡಾದಲ್ಲಿ ತಮ್ಮ ವಕೀಲರನ್ನು ಹಿಡಿದುಕೊಂಡರು.

‘ಏನಂದ್ರು ಸಾರ್?’

‘ಅವರ ಕಡೆಯವರು ಟೈಮ್ ಕೇಳಿದ್ರು ಯಜಮಾನ್ರೆ. ನಾಲ್ಕು ವಾರ ಬಿಟ್ಟು ಬರುತ್ತೆ.’

‘ಅಷ್ಟೇನಾ?’

ವಕೀಲರು ಇನ್ನೊಂದು ಹಾಲಿನತ್ತ ಓಡಿದರು. ಯಜಮಾನರು ಚೀಲ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

‘ನಿಮ್ದು ಎಷ್ಟು ಗುಂಟೆ?’

‘ಕೇಸಿಲ್ಲ ಯಜಮಾನ್ರೆ. ಕಟ್ಟಡ ನೋಡಿಕೊಂಡು ಹೋಗೋಣ ಅಂತ ಬಂದೆ.’

‘ಕಟ್ಟಡಾನಾ?’ ಎಂದು ತಲೆಯೆತ್ತಿ ಕಂಬವನ್ನೊಮ್ಮೆ ಬುಡದಿಂದ ನೆತ್ತಿಯವರೆಗೆ ನೋಡಿದರು. ಆಮೇಲೆ, ‘ಬನ್ನಿ, ಕಾಫಿ ಆ ಕಡೆ ಸಿಗ್ತದೆ’ ಎಂದು ದಾರಿ ತೋರಿಸಿಕೊಂಡು ಮುಂದೆ ನಡೆದರು.