ವಿದೇಶಿ ನೆರವಿನ ಯೋಜನೆಗಳು: ಸರಕಿನ ಹಣ ಪಾವತಿಸುವವರು ಯಾರು?

ಆಫ್ರಿಕಾದ ಆಸ್ಪತ್ರೆಯೊಂದಕ್ಕೆ ಔಷಧಿ, ನೆರೆರಾಷ್ಟ್ರದ ನೀರಾವರಿ ಯೋಜನೆಯೊಂದಕ್ಕೆ ಪಂಪ್‌ಸೆಟ್. ಇಂತಹ ಬೇಡಿಕೆಗಳಲ್ಲಿ ಸರಕನ್ನು ಪಡೆಯುವವರು ಒಬ್ಬರು, ಅದರ ಬೆಲೆ ತೆರುವವರು ಇನ್ನೊಬ್ಬರು ಆಗಿರುವುದು ಅಪರೂಪವೇನಲ್ಲ. ಅನೇಕ ವೇಳೆ ಹಣ ಬರುವುದು ಮೂರನೆಯ ದೇಶದ ಸರ್ಕಾರದ ಬೊಕ್ಕಸದಿಂದ. ಸರ್ಕಾರದ ಹಣ ತಡವಾದರೂ ಮುಳುಗಲಾರದು ಎಂಬ ನಂಬಿಕೆ ವರ್ತಕ ವಲಯದಲ್ಲಿ ಹಳೆಯದು. 2025ರಲ್ಲಿ ಅಮೆರಿಕದಲ್ಲಿ ನಡೆದ ಘಟನೆಗಳು ಈ ನಂಬಿಕೆಯನ್ನು ಅಲುಗಿಸಿದವು.

ಒಂದು ಸರ್ಕಾರವು ಬಡ ಅಥವಾ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಸಹಾಯಧನ ರೂಪದಲ್ಲಾಗಲಿ, ರಿಯಾಯಿತಿ ಬಡ್ಡಿಯ ಸಾಲದ ರೂಪದಲ್ಲಾಗಲಿ ನೀಡುವ ಹಣವನ್ನು ಅಧಿಕೃತ ಅಭಿವೃದ್ಧಿ ನೆರವು ಎನ್ನಲಾಗುತ್ತದೆ. ಸೇನಾ ನೆರವು ಮತ್ತು ರಫ್ತು ಉತ್ತೇಜನದ ಸಾಲ ಈ ಲೆಕ್ಕಕ್ಕೆ ಸೇರುವುದಿಲ್ಲ. ಶ್ರೀಮಂತ ರಾಷ್ಟ್ರಗಳು ತಮ್ಮ ರಾಷ್ಟ್ರೀಯ ಉತ್ಪನ್ನದ ಶೇ. 0.7ರಷ್ಟನ್ನು ಇದಕ್ಕೆ ಮೀಸಲಿಡಬೇಕೆಂಬ ಗುರಿಯನ್ನು ವಿಶ್ವಸಂಸ್ಥೆಯ ಮಹಾಸಭೆ 1970ರಲ್ಲೇ ಅಂಗೀಕರಿಸಿತು. ಅದನ್ನು ಮುಟ್ಟಿದ ದೇಶಗಳು ಬೆರಳೆಣಿಕೆಯಷ್ಟು.

ನೆರವಿನ ಹಣಕ್ಕೆ ಸಾಮಾನ್ಯವಾಗಿ ಷರತ್ತುಗಳಿರುತ್ತವೆ. ಸರಕನ್ನು ನೆರವು ನೀಡುವ ದೇಶದಿಂದಲೇ ಕೊಳ್ಳಬೇಕೆಂಬುದು ಅವುಗಳಲ್ಲಿ ಮುಖ್ಯವಾದುದು. ಹಿರಿಯರಿಗೆ ನೆನಪಿರುವ ಪಿ.ಎಲ್. 480 ಗೋಧಿ ಇದಕ್ಕೆ ಒಳ್ಳೆಯ ನಿದರ್ಶನ. 1954ರ ಆ ಕಾನೂನಿನಂತೆ ಭಾರತಕ್ಕೆ ಬಂದುದು ಅಮೆರಿಕದ ರೈತರ ಗೋಧಿ. ಅದೇ ವರ್ಷದ ಇನ್ನೊಂದು ಕಾನೂನಿನಂತೆ ಇಂತಹ ಸರಕಿನ ಕನಿಷ್ಠ ಅರ್ಧಭಾಗ ಅಮೆರಿಕದ ಹಡಗುಗಳಲ್ಲೇ ಸಾಗಬೇಕಿತ್ತು. ಹೀಗೆ ನೆರವಿನ ಡಾಲರುಗಳಲ್ಲಿ ಬಹುಪಾಲು ಅಮೆರಿಕದ ಗಡಿಯನ್ನೇ ದಾಟಲಿಲ್ಲ. ಭಾರತ ರೂಪಾಯಿಯಲ್ಲಿ ತೆತ್ತ ಬೆಲೆ ಇಲ್ಲಿಯೇ ರಾಶಿಯಾಗಿ, ಕೊನೆಗೆ 1974ರಲ್ಲಿ ಅಮೆರಿಕವು 1,664 ಕೋಟಿ ರೂಪಾಯಿಗಳ ಚೆಕ್ಕನ್ನು ಭಾರತ ಸರ್ಕಾರಕ್ಕೆ ಹಿಂದಿರುಗಿಸಿತು.

ಷರತ್ತು ಸಡಿಲವಾದಾಗ ಲಾಭ ನಮ್ಮವರಿಗೂ ದೊರೆತದ್ದುಂಟು. 2003ರಲ್ಲಿ ಅಮೆರಿಕವು ಏಡ್ಸ್ ಪೀಡಿತ ರಾಷ್ಟ್ರಗಳಿಗೆ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ನೀಡುವ ಯೋಜನೆಯನ್ನು ಪ್ರಕಟಿಸಿತು. ಮರುವರ್ಷ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಜೆನೆರಿಕ್ ಔಷಧಿಗಳಿಗೆ ತಾತ್ಕಾಲಿಕ ಅನುಮೋದನೆಯ ದಾರಿ ತೆರೆಯಿತು. ಅಮೆರಿಕದಲ್ಲಿ ಪೇಟೆಂಟ್ ಇದ್ದರೂ ಆ ಔಷಧಿಯನ್ನು ನೆರವಿನ ಹಣದಿಂದ ಕೊಂಡು ಆಫ್ರಿಕಾಕ್ಕೆ ಕಳುಹಿಸಲು ಇದರಿಂದ ಸಾಧ್ಯವಾಯಿತು. ಸಿಪ್ಲಾ, ಅರಬಿಂದೋ ಮೊದಲಾದ ಭಾರತೀಯ ತಯಾರಕರೊಡನೆ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಈ ಅನುಮೋದನೆ ಪಡೆಯಿತು.

ಈಗ 2025ರ ಸಂಗತಿಗೆ ಬರಬಹುದು. ಜನವರಿ 20ರಂದು ಅಧಿಕಾರ ವಹಿಸಿಕೊಂಡ ದಿನವೇ ಅಧ್ಯಕ್ಷ ಟ್ರಂಪ್ ವಿದೇಶಿ ಅಭಿವೃದ್ಧಿ ನೆರವನ್ನು 90 ದಿನಗಳ ಮಟ್ಟಿಗೆ ತಡೆಹಿಡಿದರು. ಕೆಲವೇ ದಿನಗಳಲ್ಲಿ ಗುತ್ತಿಗೆದಾರರಿಗೆ ಕೆಲಸ ನಿಲ್ಲಿಸುವ ಆದೇಶಗಳು ತಲುಪಿದವು. ಮುಂದಿನ ಕೆಲಸ ನಿಂತದ್ದಷ್ಟೇ ಆಗಿದ್ದರೆ ಅದನ್ನು ವ್ಯಾಪಾರದ ಏರಿಳಿತ ಎನ್ನಬಹುದಿತ್ತು. ಆದರೆ ಮುಗಿದ ಕೆಲಸದ, ಕಳುಹಿಸಿಯಾಗಿದ್ದ ಬಿಲ್ಲುಗಳ ಪಾವತಿಯೂ ನಿಂತಿತು. ಸ್ವಯಂಸೇವಾ ಸಂಸ್ಥೆಗಳೂ ಗುತ್ತಿಗೆ ಕಂಪನಿಗಳೂ ನ್ಯಾಯಾಲಯದ ಮೊರೆ ಹೋದವು. ಸುಮಾರು 200 ಕೋಟಿ ಡಾಲರ್ ಬಾಕಿ ತೆರಬೇಕೆಂಬ ಕೆಳ ನ್ಯಾಯಾಲಯದ ಆದೇಶವನ್ನು ತಡೆಯಲು ಮಾರ್ಚ್ 5ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 5-4ರ ಬಹುಮತದಿಂದ ನಿರಾಕರಿಸಿತು. ಅದೇ ತಿಂಗಳು ಶೇ. 83ರಷ್ಟು ಯೋಜನೆಗಳು ರದ್ದಾದುದಾಗಿ ಘೋಷಿಸಲಾಯಿತು. 1961ರಿಂದ ನೆರವು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯು ಜುಲೈ 1ರಂದು ತನ್ನ ಕಾರ್ಯ ನಿಲ್ಲಿಸಿತು. ಉಳಿದ ಯೋಜನೆಗಳು ವಿದೇಶಾಂಗ ಇಲಾಖೆಗೆ ಸೇರಿದವು.

ಸೆಪ್ಟೆಂಬರ್‌ನಲ್ಲಿ ಮತ್ತೊಂದು ಆದೇಶ ಬಂದಿತು. ಸಂಸತ್ತು ಮಂಜೂರು ಮಾಡಿದ್ದರೂ ಇನ್ನೂ ಖರ್ಚಾಗದಿದ್ದ ಸುಮಾರು 400 ಕೋಟಿ ಡಾಲರ್ ಹಣವನ್ನು ಸರ್ಕಾರವು ತಡೆಹಿಡಿದಿರಲು ಸರ್ವೋಚ್ಚ ನ್ಯಾಯಾಲಯ ಅವಕಾಶವಿತ್ತಿತು. ಲೆಕ್ಕಪತ್ರದ ದೃಷ್ಟಿಯಿಂದ ಎರಡೂ ಆದೇಶಗಳನ್ನು ಒಟ್ಟಿಗೆ ಓದಬೇಕು. ಮಾಡಿ ಮುಗಿಸಿದ ಕೆಲಸದ ಹಣ ಬಾಕಿ ಎನಿಸಿಕೊಂಡಿತು, ತಡವಾಗಿಯಾದರೂ ಅದಕ್ಕೆ ನ್ಯಾಯಾಲಯದ ಬೆಂಬಲ ದೊರೆಯಿತು. ಬಜೆಟ್ಟಿನಲ್ಲಿ ಮಾತ್ರ ಇದ್ದ ಹಣವಾದರೋ ಕೈಗೆ ಬರಲಿಲ್ಲ. ಯೋಜನೆ ಮಂಜೂರಾಗಿದೆ ಎಂಬುದನ್ನೇ ನಂಬಿ ಸಾಲ ಮಾಡಿ ಕಚ್ಚಾ ಸಾಮಗ್ರಿ ಕೊಂಡಿಟ್ಟವನ ಸ್ಥಿತಿ ಇದರಿಂದ ಊಹಿಸಬಹುದು.

ಭಾರತವೂ ಈಗ ನೆರವು ನೀಡುವ ದೇಶ. 2022ರ ಮಾರ್ಚ್‌ನಲ್ಲಿ ಶ್ರೀಲಂಕಾ ಸಂಕಷ್ಟಕ್ಕೆ ಸಿಲುಕಿದಾಗ ಆಹಾರ, ಔಷಧಿಗಳ ಖರೀದಿಗೆ ಭಾರತೀಯ ಸ್ಟೇಟ್ ಬ್ಯಾಂಕಿನ ಮೂಲಕ 100 ಕೋಟಿ ಡಾಲರ್ ಸಾಲ ದೊರೆಯಿತು. ಅಭಿವೃದ್ಧಿ ಯೋಜನೆಗಳಿಗೆ ಭಾರತ ಸರ್ಕಾರದ ಬೆಂಬಲದೊಂದಿಗೆ ಎಕ್ಸಿಮ್ ಬ್ಯಾಂಕ್ ವಿದೇಶಿ ಸರ್ಕಾರಗಳಿಗೆ ಲೈನ್ ಆಫ್ ಕ್ರೆಡಿಟ್ ನೀಡುತ್ತದೆ. ಬಾಂಗ್ಲಾದೇಶಕ್ಕೆ 2010ರಲ್ಲಿ ನೀಡಿದ 100 ಕೋಟಿ ಡಾಲರ್ ಇಂತಹುದು. ಇಲ್ಲಿಯೂ ಷರತ್ತುಂಟು: ಒಪ್ಪಂದದ ಮೌಲ್ಯದಲ್ಲಿ ಸಾಮಾನ್ಯವಾಗಿ ಕನಿಷ್ಠ ಶೇ. 75ರಷ್ಟು ಸರಕು, ಸೇವೆ ಭಾರತದ್ದೇ ಆಗಿರಬೇಕು. ಪಿ.ಎಲ್. 480ರ ಷರತ್ತನ್ನು ಟೀಕಿಸುತ್ತಿದ್ದವರಿಗೆ ಈ ಷರತ್ತು ಅಷ್ಟೊಂದು ಕಹಿಯೆನಿಸದು.

ರಫ್ತುದಾರನಿಗೆ ಇದರಲ್ಲಿರುವ ಅನುಕೂಲ ಪಾವತಿಯ ಕ್ರಮದಲ್ಲಿದೆ. ಎಕ್ಸಿಮ್ ಬ್ಯಾಂಕ್ ಅನುಮೋದಿಸಿದ ಒಪ್ಪಂದದಂತೆ ಸರಕು ರವಾನಿಸಿ ಹಡಗಿನ ದಾಖಲೆಗಳನ್ನು ತನ್ನ ಬ್ಯಾಂಕಿಗೆ ಒಪ್ಪಿಸಿದರೆ ಹಣ ಭಾರತದಲ್ಲೇ ದೊರೆಯುತ್ತದೆ. ಮುಂದೆ ಆ ದೇಶ ಸಾಲ ತೀರಿಸದಿದ್ದರೂ ರಫ್ತುದಾರನಿಂದ ಅದನ್ನು ವಸೂಲು ಮಾಡುವಂತಿಲ್ಲ. ಆದರೆ ಈ ರಕ್ಷಣೆ ಮುಖ್ಯ ಗುತ್ತಿಗೆದಾರನಿಗೆ ಮಾತ್ರ. ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಅವನಿಗೆ ಕವಾಟ, ಕೇಬಲ್, ಪ್ಯಾನೆಲ್ ಒದಗಿಸುವ ಸಣ್ಣ ತಯಾರಕನಿಗೆ ಎಕ್ಸಿಮ್ ಬ್ಯಾಂಕಿನೊಡನೆ ಯಾವ ಸಂಬಂಧವೂ ಇಲ್ಲ. ತಮಗೆ ಹಣ ಬಂದ ಮೇಲೆ ಪಾವತಿ ಎಂಬ ವಾಕ್ಯವೊಂದು ಖರೀದಿ ಆದೇಶದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಇದೆಯೇ ಎಂದು ಅವನು ಮೊದಲು ನೋಡಬೇಕು.

ಇಂತಹ ತಯಾರಕನಿಗೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಆಸರೆಯಿದೆ. ಅದರ 15ನೆಯ ಸೆಕ್ಷನ್ ಪ್ರಕಾರ ಒಪ್ಪಂದದ ಪಾವತಿ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಆದೇಶ ಸ್ವೀಕರಿಸುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಕ್ಷೇಮ. ಸಗಟು, ಚಿಲ್ಲರೆ ವರ್ತಕರಿಗೂ 2021ರಿಂದ ಈ ನೋಂದಣಿ ದೊರೆಯುತ್ತದೆಯಾದರೂ ಅದು ಆದ್ಯತಾ ವಲಯದ ಸಾಲಕ್ಕೆಂದು ನೀಡಿದ ಸೌಲಭ್ಯ. ತಡವಾದ ಪಾವತಿಯ ರಕ್ಷಣೆ ಅದರಲ್ಲಿ ಸೇರಿಲ್ಲ. ನೇರವಾಗಿ ರಫ್ತು ಮಾಡುವವರು ಗಮನಿಸಬೇಕಾದ ಮತ್ತೊಂದು ಅಂಶವೂ ಇದೆ. ಲೈನ್ ಆಫ್ ಕ್ರೆಡಿಟ್ ಹಣದಿಂದ ವಿದೇಶಿ ಏಜೆಂಟರಿಗೆ ಕಮಿಷನ್ ಕೊಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಗಳು ಹೇಳುತ್ತವೆ. ಕೊಡಲೇಬೇಕಾದರೆ ಸ್ವಂತ ಸಂಪನ್ಮೂಲದಿಂದ ಅಥವಾ ತಮ್ಮ ವಿದೇಶಿ ವಿನಿಮಯ ಖಾತೆಯಿಂದ ಕೊಡಬೇಕು. ಬೆಲೆ ನಮೂದಿಸುವಾಗಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.